ಗೋಡೆಯೊಳಗಿನ ನಸರಿ, ತುಳಸಿಯ ಮೇಲಿನ ನೊಣ

ಬೀಗರ ಎಡಗಣ್ಣಿನ ಪೊರೆ ತೆಗೆಸಿದ್ದಕ್ಕೂ ನಮ್ಮ ಮನೆಯ ಮುಂದಿನ ಗೋಡೆಗೆ ಸಿಮೆಂಟು ಬಿದ್ದದ್ದಕ್ಕೂ ನೇರ ಸಂಬಂಧವಿದೆ. ಬೀಗರು ಎಂದರೆ ನನ್ನ ಸೊಸೆಯ ತಂದೆ. ಮಾಲೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಕೋಲಾರದಲ್ಲಿ ಆಪರೇಷನ್ ಮುಗಿಸಿಕೊಂಡು ಹದಿನೈದು ದಿನ ಮಗಳ ಮನೆಯಲ್ಲಿ ಇರುತ್ತಾರೆ ಎಂದು ಗೊತ್ತಾದ ಗಳಿಗೆಯಲ್ಲೇ ನನ್ನ ಸೊಸೆಗೆ ನಮ್ಮ ಮಣ್ಣಿನ ಗೋಡೆ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಅದೇ ಗೋಡೆಯ ಪಕ್ಕದಲ್ಲಿ ಓಡಾಡಿದವಳಿಗೆ ಅದರ ಬಿರುಕು, ಉದುರು, ಹಲ್ಲಿಯ ಮನೆ ಎಲ್ಲವೂ ಒಂದೇ ದಿನ ಕಂಡುಬಿಟ್ಟವು.

"ಅಪ್ಪನ ಕಣ್ಣಿಗೆ ಧೂಳು ಬೀಳಬಾರ್ದು ಅಂತ ಡಾಕ್ಟ್ರು ಹೇಳವ್ರೆ ಅತ್ತೆ," ಎಂದಳು.

ಕಣ್ಣಿಗೆ ಧೂಳು ಬೀಳಬಾರದು ಎಂದು ಗೋಡೆ ಕೆರೆಸಿ, ಕೆರೆದ ಧೂಳನ್ನು ಒಂದು ವಾರ ಮನೆಯೊಳಗೆ ಸುತ್ತಾಡಿಸುವ ವೈದ್ಯ ನನಗೆ ಹೊಸದು. ಆದರೆ ಈ ಕಾಲದಲ್ಲಿ ಅತ್ತೆಯಾದವಳು ಇಂಥದ್ದರಲ್ಲಿ ಬಾಯಿ ಹಾಕಬಾರದು. ಮುಖ ಗಂಟು ಹಾಕಿಕೊಳ್ಳಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನಾನು ಹಾಕಿಕೊಂಡೆ. ಮಗನನ್ನು ಕೇಳೋಣವೆಂದರೆ ಟೊಮೇಟೊ ಸೀಸನ್ನಿನಲ್ಲಿ ಅವನು ಮಂಡಿಯಲ್ಲೇ ಉಣ್ಣುತ್ತಾನೆ, ಮಂಡಿಯಲ್ಲೇ ಮಲಗುತ್ತಾನೆ. ಫೋನು ಎತ್ತಿದರೆ "ರೇಟು ಬಿತ್ತಮ್ಮ" ಎಂದು ಇಟ್ಟುಬಿಡುತ್ತಾನೆ.

ಆ ಗೋಡೆಯಲ್ಲಿ, ಬಾಗಿಲಿನ ಎಡಕ್ಕೆ, ಜಗುಲಿಯಲ್ಲಿ ಕೂತರೆ ನನ್ನ ಕಿವಿಯ ಎತ್ತರಕ್ಕೆ, ನಸರಿ ಜೇನಿನ ಗೂಡಿತ್ತು. ನಸರಿ ಅಂದರೆ ಮರದ ಕೊಂಬೆಯಲ್ಲಿ ಜೋತುಬೀಳುವ ಹೆಜ್ಜೇನಲ್ಲ. ಮನೆಯ ನೊಣಕ್ಕಿಂತ ಚಿಕ್ಕದು, ಕಪ್ಪು ಬಣ್ಣ, ಚುಚ್ಚುವ ಮುಳ್ಳೇ ಇಲ್ಲ. ಗೋಡೆಯ ಪೊಳ್ಳಿನಲ್ಲಿ ಸಂಸಾರ ಹೂಡಿ, ಹೊರಗಡೆ ಕಿರುಬೆರಳಷ್ಟು ಉದ್ದದ ಮೇಣದ ಕೊಳವೆಯೊಂದನ್ನು ಬಿಟ್ಟುಕೊಂಡಿರುತ್ತದೆ. ಆ ಕೊಳವೆಯ ಬಾಯಲ್ಲಿ ನಾಲ್ಕೈದು ಕಾವಲಿನವು ಮುಖ ಹೊರಗೆ ಹಾಕಿಕೊಂಡು ನಿಂತಿರುತ್ತವೆ, ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿಯವರು ನಿಲ್ಲುತ್ತಾರಲ್ಲ, ಹಾಗೆ. ಇವು ತೂಕಡಿಸುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ನಾನು ಮದುವೆಯಾಗಿ ಬಂದಾಗಲೇ ಅವು ಅಲ್ಲಿದ್ದವು. ನಮ್ಮತ್ತೆ ಮೊದಲ ದಿನವೇ ತೋರಿಸಿ, "ಇವು ನಿನಗಿಂತ ಮುಂಚೆ ಬಂದಿರೋವು" ಎಂದಿದ್ದರು. ಈ ಮನೆಯಲ್ಲಿ ನನ್ನ ಜಾಗ ಎಲ್ಲಿ ಎಂದು ಅಷ್ಟು ಚೊಕ್ಕವಾಗಿ ಇನ್ನಾರೂ ಹೇಳಲಿಲ್ಲ. ತುಪ್ಪ ತೆಗೆಯುವ ಗೋಜಿಗೆ ನಾವು ಹೋದವರಲ್ಲ, ತೆಗೆಯಬೇಕಾದರೆ ಗೋಡೆಯನ್ನೇ ಕೆಡವಬೇಕು. ಬೆಳಿಗ್ಗೆ ಕಾಫಿ ಹಿಡಿದು ಕೂತು ಅವು ಹೋಗುವುದನ್ನು, ಬರುವುದನ್ನು ನೋಡುತ್ತಿದ್ದೆ, ಅಷ್ಟೇ. ಮನೆಯಲ್ಲಿ ನನಗೆ ಎದುರು ಮಾತಾಡದವು ಅವೊಂದೇ.

ಮೇಸ್ತ್ರಿ ಬೈರಕೂರಿನ ಕಡೆಯವನು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ನಡುವೆ ಒಂದು ಬೀಡಿ. ನಾಲ್ಕು ದಿನದ ಕೆಲಸವನ್ನು ಎಂಟು ದಿನಕ್ಕೆ ಎಳೆದು, ಕೊನೆಯ ದಿನ ಬಾಗಿಲಿನ ಎಡಭಾಗಕ್ಕೆ ಬಂದ. ಅವತ್ತು ಬೆಳಗಿನಿಂದ ಜಿಟಿಜಿಟಿ ಮಳೆ. ಜಗುಲಿಗೆ ಸೂರು ಇದೆಯಲ್ಲ, ಅವನ ಕೆಲಸ ನಿಲ್ಲಲಿಲ್ಲ. ಸಂಜೆ ನೋಡಿದರೆ ಗೋಡೆ ಹೊಸ ಮದುಮಗನ ಗಲ್ಲದ ಹಾಗೆ ನುಣ್ಣಗಿತ್ತು. ಕೊಳವೆ ಇಲ್ಲ, ತೂತು ಇಲ್ಲ. ಮುಚ್ಚಿದ್ದು ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಎಲ್ಲರೂ ತಮಗೆ ಅನುಕೂಲವಾದ ಕಡೆಯಿಂದಲೇ ಅಲ್ಲವೇ ಕತೆ ಶುರುಮಾಡುವುದು.

ಮಾರನೇ ಬೆಳಿಗ್ಗೆ ಸುಣ್ಣ ಬಳಿಯುವವರು ಬಂದು ಬಣ್ಣವನ್ನೂ ಹೊಡೆದರು. ಮಧ್ಯಾಹ್ನದ ಬಸ್ಸಿಗೆ ಬೀಗರು ಕಪ್ಪು ಕನ್ನಡಕ ಹಾಕಿಕೊಂಡು ಇಳಿದರು. ನಾನು ಜಗುಲಿಯಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದೆ.

"ಏನಮ್ಮ, ಒಂಥರಾ ಇದೀರ?" ಎಂದು ಬೀಗರು ಕೇಳಿದರು.

"ಗೋಡೇಲಿದ್ದ ನಸರಿನ ಮೇಸ್ತ್ರಿ ಮುಚ್ಚಿಬಿಟ್ಟವ್ನೆ ಬೀಗರೇ. ಒಳಗೇ ಅವೆ. ಇವತ್ತೋ ನಾಳೆಯೋ ಉಸಿರುಕಟ್ಟಿ ಸಾಯ್ತವೆ. ಒಡೀಬೇಕು."

ಒಡೆಯಬೇಕು ಎಂದದ್ದೇ ತಡ, ಅಡುಗೆಮನೆಯಲ್ಲಿದ್ದ ಸೊಸೆ ಸೌಟು ಹಿಡಿದೇ ಹೊರಗೆ ಬಂದಳು. ಅವಳ ಮುಖ ನೋಡಿದರೆ ನಾನು ಗೋಡೆ ಒಡೆಯಲು ಹೇಳಿದ್ದಲ್ಲ, ಅವಳ ಹಲ್ಲು ಕೀಳಿಸಲು ಹೇಳಿದ ಹಾಗಿತ್ತು. ತನ್ನ ಅಂಗನವಾಡಿ ಟೀಚರು ಕೆಲಸದ ಸಂಬಳದಲ್ಲಿ ಕೂಡಿಟ್ಟು ಮಾಡಿಸಿದ ಗೋಡೆ ಅದು, ಆ ಸಂಕಟವೂ ಸುಳ್ಳಲ್ಲ.

ಬೀಗರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಮೆಲ್ಲಗೆ ಅಂಗಳಕ್ಕಿಳಿದು ತುಳಸಿಕಟ್ಟೆಯ ಹತ್ತಿರ ಹೋಗಿ ಬಗ್ಗಿದರು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು, ವಿಜ್ಞಾನದ ಎದುರು ಡಾಕ್ಟರು ಯಾವ ಲೆಕ್ಕ.

"ಇಲ್ಲೇ ಇವೆಯಲ್ಲಮ್ಮ ನಿಮ್ಮ ನಸರಿ. ಕಪ್ಪಗೆ, ಸಣ್ಣಗೆ, ತುಳಸಿ ಹೂವಿನ ಮೇಲೆ. ಜಾಗ ಬದಲಾಯಿಸಿಕೊಂಡಿವೆ ಅಷ್ಟೇ. ಪ್ರಕೃತಿ ಅಂದ್ರೆ ಹಾಗೇ, ತನ್ನ ದಾರಿ ತಾನು ನೋಡಿಕೊಳ್ಳುತ್ತೆ."

ಪ್ರಕೃತಿ ಎಂಬ ಪದ ಬಂದ ಮೇಲೆ ಎದುರು ಮಾತಾಡುವುದು ಕಷ್ಟ. ಸೊಸೆ ಸೌಟು ಹಿಡಿದ ಕೈ ಇಳಿಸಿ, "ನೋಡಿದ್ರಾ ಅತ್ತೆ, ಅಪ್ಪ ಹೇಳಿದ್ಮೇಲೆ ಮುಗೀತು," ಎಂದು ಒಳಗೆ ಹೋದಳು. ಒಂದು ಕಣ್ಣಿನ ಬ್ಯಾಂಡೇಜು ಬಿಚ್ಚಿ ಎರಡು ದಿನವಾಗಿರುವ, ಇನ್ನೊಂದು ಕಣ್ಣಿಗೆ ಪೊರೆ ಬರುತ್ತಿರುವ, ಮೇಲೆ ಕಪ್ಪು ಕನ್ನಡಕ ಹಾಕಿರುವ ಮನುಷ್ಯರು ರಾಗಿಕಾಳಿನಷ್ಟು ದೊಡ್ಡ ಹುಳುವಿನ ಜಾತಿ ಹೇಳಿ ಮುಗಿಸಿದರು.

ಅವರು ಒಳಗೆ ಹೋದ ಮೇಲೆ ನಾನೂ ಹೋಗಿ ನೋಡಿದೆ. ನಿಜವೇ, ನಸರಿಯ ಹಾಗೇ ಇದ್ದವು. ಬಣ್ಣ ಅದೇ, ಗಾತ್ರವೂ ಹೆಚ್ಚುಕಡಿಮೆ ಅದೇ. ಆದರೂ ಏನೋ ಒಂದು ಸರಿಯಿರಲಿಲ್ಲ. ದೂರದಿಂದ ನಮ್ಮವರೇ ಎಂದು ಕೈ ಬೀಸಿ, ಹತ್ತಿರ ಬಂದಾಗ ಯಾರೋ ಬೇರೆಯವರಾಗಿರುತ್ತಾರಲ್ಲ, ಹಾಗೆ.

ಈಗ ನನ್ನ ಫೋನಿನ ವಿಷಯ. ನಮ್ಮ ಮೊಮ್ಮಗಳು ಕೋಲಾರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಾಳೆ. ಹಿಂದಿನ ರಜೆಯಲ್ಲಿ ಬಂದವಳು ತನ್ನ ಹಳೇ ಫೋನು ನನಗೆ ಕೊಟ್ಟು ಕನ್ನಡದಲ್ಲಿ ಟೈಪು ಮಾಡುವುದನ್ನು ಕಲಿಸಿ ಹೋಗಿದ್ದಳು. ಒಂದು ಸಾಲು ಬರೆಯುವಷ್ಟರಲ್ಲಿ ಹಾಲು ಉಕ್ಕುತ್ತದೆ, ಎರಡು ಸಾಲಿಗೆ ಅನ್ನ ಸೀಯುತ್ತದೆ. ಅವತ್ತು ನಾನು ಬರೆದದ್ದು ಇಷ್ಟು: "ತುಳಸಿ ಮೇಲೆ ನಸರಿ ತರ ಐತೆ ನಸರಿ ಅಲ್ಲ ಅನ್ಸುತ್ತೆ ಬೇಗ ಹೇಳು." ಅವಳು ಫೋಟೋ ಕಳಿಸು ಎಂದಳು. ಹನ್ನೊಂದು ಫೋಟೋ ಕಳಿಸಿದೆ. ಫೋನು ಬಂತು.

"ಅಜ್ಜಿ, ಇದು ನಿನ್ನ ಹೆಬ್ಬೆರಳು."

"ಗೊತ್ತು ಕಣೇ. ಹೆಬ್ಬೆರಳ ಹಿಂದ್ಗಡೆ ಐತೆ ನೋಡು."

"ಹಿಂದ್ಗಡೆ ಹೆಂಗಜ್ಜಿ ನೋಡ್ಲಿ? ಇದ್ರಲ್ಲಿ ನಿನ್ನ ಕಾಲೈತೆ. ಇದ್ರಲ್ಲಿ ಆಕಾಶ. ಇದ್ರಲ್ಲಿ ಕಪ್ಪಗೆ ಒಂದು ಚುಕ್ಕೆ ಐತೆ, ಇದೇನಾ?"

"ಅದು ಕ್ಯಾಮರಾಗೆ ಮೆತ್ಕೊಂಡಿರೋ ಕುಂಕುಮ."

ಅವಳು ನಕ್ಕು ಮುಗಿಸುವ ತನಕ ಕಾದೆ. ಗೋಡೆಯೊಳಗೆ ಏನಾಗುತ್ತಿದೆ ಎಂದು ಹೇಳಿದ ಮೇಲೆ ಅವಳ ದನಿ ಬದಲಾಯಿತು.

"ಅಜ್ಜಿ, ನೊಣಗಳಲ್ಲೇ ಒಂದು ಜಾತಿ ಐತೆ, ಹೂವಿನ ಮೇಲೇ ಇರೋವು. ಕೆಲವು ಜೇನಿನ ವೇಷ ಹಾಕ್ತವೆ. ಹಕ್ಕಿಗಿಕ್ಕಿ ಜೇನು ಅನ್ಕೊಂಡು ತಮ್ಮನ್ನ ಬಿಟ್ಬಿಡ್ಲಿ ಅಂತ."

"ಕುಟುಕೋ ಜೇನಿನ ವೇಷ ಹಾಕಿದ್ರೆ ಸರಿ. ನಸರಿ ಕುಟುಕೋದೇ ಇಲ್ಲ. ಅದರ ವೇಷ ಹಾಕ್ಕೊಂಡು ಏನ್ ಮಾಡ್ತದೆ, ದಡ್ ಮುಂಡೇದು."

"ಒಂದ್ನ ಮುಟ್ಟಿದ್ರೆ ಗುಂಪೇ ಮೇಲೆ ಬೀಳ್ತದಲ್ಲಜ್ಜಿ, ಆ ರಗಳೆ ಯಾರಿಗೆ ಬೇಕು ಅಂತ ಬಿಡ್ತಾವೇನೋ. ಅದಿರ್ಲಿ. ಗಾಳೀಲಿ ಒಂದೇ ಕಡೆ ನಿಲ್ತದಾ ನೋಡು. ಕಣ್ಣು ನೋಡು, ನೊಣಕ್ಕೆ ಮುಖ ಎಲ್ಲಾ ಕಣ್ಣೇ. ಮೀಸೆ ನೋಡು, ನೊಣದ್ದು ಮೋಟು. ರೆಕ್ಕೆ ಎಣಿಸು. ಜೇನಿಗೆ ನಾಲ್ಕು, ನೊಣಕ್ಕೆ ಎರಡೇ."

ಅರವತ್ತೆಂಟನೇ ವಯಸ್ಸಿನಲ್ಲಿ ನೊಣದ ಮೀಸೆ ನೋಡುವ ಯೋಗ ನನ್ನ ಜಾತಕದಲ್ಲಿತ್ತು. ಮಣೆ ಹಾಕಿಕೊಂಡು ತುಳಸಿಯ ಮುಂದೆ ಕೂತೆ. ದಾರಿಯಲ್ಲಿ ಹೋಗುವವರೆಲ್ಲ ಬೀಗರು ಬಂದ ಮೇಲೆ ಅಮ್ಮನಿಗೆ ಭಕ್ತಿ ಜಾಸ್ತಿಯಾಯಿತು ಎಂದುಕೊಂಡು ಹೋದರು.

ಮೊದಲು ಕಂಡದ್ದು ನಿಲ್ಲುವ ರೀತಿ. ದಾರ ಕಟ್ಟಿ ಇಳಿಬಿಟ್ಟ ಹಾಗೆ ಗಾಳಿಯಲ್ಲಿ ಒಂದೇ ಕಡೆ ನಿಂತಿತ್ತು. ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ನಿಂತಿತು. ನಸರಿಗೆ ಹಾಗೆ ನಿಂತು ನೋಡುವ ಪುರುಸೊತ್ತಿಲ್ಲ, ಹೂವಿಗೆ ಬಿದ್ದರೆ ಕೆಲಸಕ್ಕೇ ಬೀಳುತ್ತದೆ. ಆಮೇಲೆ ಹಿಂಗಾಲು. ನಸರಿ ಹೂವಿನಿಂದ ಏಳುವಾಗ ಹಿಂಗಾಲಿಗೆ ಹಳದಿ ಹಿಟ್ಟಿನ ಉಂಡೆ ಕಟ್ಟಿಕೊಂಡೇ ಏಳುತ್ತದೆ, ಸಂತೆ ಮುಗಿಸಿ ಎರಡೂ ಕೈಯಲ್ಲಿ ಚೀಲ ಹಿಡಿದು ಬಸ್ಸು ಹತ್ತುವವರ ಹಾಗೆ. ಇದು ಬರಿಗಾಲಲ್ಲಿ ಬಂತು, ಹೂವನ್ನು ಒತ್ತಿ ಒತ್ತಿ ನೆಕ್ಕಿತು, ಬರಿಗಾಲಲ್ಲೇ ಹೋಯಿತು. ಮದುವೆ ಮನೆಯಲ್ಲಿ ಉಂಡು, ಯಾರ ಕಡೆಯವರು ಎಂದು ಕೇಳುವ ಮುಂಚೆ ಕೈ ತೊಳೆಯುವ ಗಿರಾಕಿ.

ಹೊತ್ತು ಇಳಿಯುವ ತನಕ ಕೂತೆ. ಬೇರೆ ಕಡೆ ಗೂಡು ಮಾಡಿಕೊಂಡಿದ್ದರೆ ಇವು ಅಲ್ಲಿಗೆ ಹೋಗಬೇಕಲ್ಲ, ಯಾವ ದಿಕ್ಕಿಗೆ ಹೋಗುತ್ತವೆ ನೋಡೋಣ ಎಂಬುದು ನನ್ನ ಲೆಕ್ಕ. ಒಂದೂ ಎಲ್ಲಿಗೂ ಹೋಗಲಿಲ್ಲ. ದಾಸವಾಳದ ಎಲೆಯ ಮೇಲೆ ಒಂದೊಂದಾಗಿ ಕೂತು ಅಲ್ಲೇ ಉಳಿದವು. ಗೂಡಿರುವವು ಹೊತ್ತು ಮುಳುಗಿದ ಮೇಲೆ ಹೊರಗೆ ಮಲಗುವುದಿಲ್ಲ.

ಈಗ ಗೋಡೆ ಮುಚ್ಚಿದ ವಿಷಯ ಹೇಳಿಬಿಡುತ್ತೇನೆ, ಇನ್ನು ತಡೆಯುವುದು ನನ್ನಿಂದಾಗದು. ಮೇಸ್ತ್ರಿ ನನ್ನನ್ನು ಕೇಳಿದ್ದ. ಅವತ್ತು ನಾನು ಜಗುಲಿಯಲ್ಲೇ ಕೂತಿದ್ದೆ, ಒಳಗಿರಲಿಲ್ಲ. ಫೋನಿನಲ್ಲಿ ಮೊಮ್ಮಗಳಿಗೆ ಊಟ ಆಯಿತೇ ಎಂದು ಬರೆಯುತ್ತಿದ್ದೆ, ಬೇಕಾದ ಅಕ್ಷರ ಸಿಕ್ಕಿರಲಿಲ್ಲ. ಅವನು ಕರಣೆ ಹಿಡಿದು ನಿಂತು, "ಅಮ್ಮಾ, ಈ ಬೊಕ್ಕ ಮೂಸೇದಾ, ತೂತು ಮುಚ್ಚಿಬಿಡ್ಲಾ?" ಎಂದು ಎರಡು ಭಾಷೆಯಲ್ಲಿ ಕೇಳಿದ. ಕಿವಿಗೆ ಬಿತ್ತು. ಬಿದ್ದದ್ದು ಒಳಗೆ ಹೋಗಲಿಲ್ಲ. ತಲೆ ಎತ್ತದೆ "ಹೂಂ" ಎಂದೆ. ಐವತ್ತು ವರ್ಷ ಪಕ್ಕದಲ್ಲೇ ಬಾಳಿದವುಗಳನ್ನು ಒಂದು ಹೂಂ ಅಂದು ಮುಚ್ಚಿಸಿದೆ.

ತುಳಸಿಯ ಮುಂದಿನಿಂದ ಎದ್ದು ಆ ಸಂಜೆಯೇ ಅವನಿಗೆ ಫೋನು ಮಾಡಿದೆ. ಶ್ರೀನಿವಾಸಪುರದಲ್ಲಿ ಯಾರದೋ ಮನೆ ಕೆಲಸ ಹಿಡಿದಿದ್ದ.

"ಏನ್ಲಾ, ಜೇನಿರೋ ತೂತು ಮುಚ್ಚೋ ಮುಂಚೆ ಒಂದು ಮಾತು ಗಟ್ಟಿಯಾಗಿ ಕೇಳ್ಬಾರ್ದಾ?"

"ಅಡಿಗಿತಿನಿ ಕದಮ್ಮಾ. ಕೇಳ್ದೆ. ನೀವೇ ಹೂಂ ಅಂದ್ರಿ."

ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ. ಫೋನು ಕಲಿತಿದ್ದಕ್ಕೆ ಅದೊಂದು ಉಪಯೋಗವಾಯಿತು. ಬಾಗಿಲಲ್ಲಿ ನಿಂತಿದ್ದ ಸೊಸೆ ಏನಂತೆ ಎಂದಳು. "ಕುಡ್ಕೊಂಡು ಮಾಡವ್ನೆ ಕಣಮ್ಮ, ಜ್ಞಾನ ಇರ್ಲಿಲ್ಲವಂತೆ," ಎಂದೆ. ಬೀಡಿ ಬಿಟ್ಟು ಬೇರೇನೂ ಮುಟ್ಟದ ಬಡಪಾಯಿ ಅವನು.

ಮಾರನೇ ದಿನ, ಅಂದರೆ ಮುಚ್ಚಿದ ಎರಡನೇ ದಿನ, ತಿಂಡಿಗೆ ಕೂತಾಗ ನಾನು ಕಂಡದ್ದನ್ನೆಲ್ಲ ಬೀಗರಿಗೆ ಹೇಳಿದೆ. ಅವರು ಇಡ್ಲಿ ಮುರಿಯುತ್ತಾ ಕೇಳಿಸಿಕೊಂಡರು. ಮೂವತ್ತು ವರ್ಷ ಮಕ್ಕಳ ತಪ್ಪು ಉತ್ತರ ಕೇಳಿಸಿಕೊಂಡ ಕಿವಿ, ಸಹನೆ ಚೆನ್ನಾಗಿತ್ತು.

"ಒಂದು ಪ್ರಶ್ನೆ ಕೇಳ್ತೀನಿ ಬೀಗರೇ. ಒಳಗೆ ಮುಚ್ಚಿಹೋಗಿದ್ರೆ, ಮೇಯೋಕೆ ಹೊರಗೆ ಹೋಗಿದ್ದವು ವಾಪಸು ಬಂದು ಗೋಡೆ ಸುತ್ತ ಹಾರಾಡಬೇಕಿತ್ತಲ್ಲ? ಒಂದಾದರೂ ಬಂತಾ?"

ನಿಜ ಹೇಳಬೇಕೆಂದರೆ ಒಳ್ಳೆಯ ಪ್ರಶ್ನೆ. ಕಾಫಿ ಲೋಟ ತೊಳೆಯುವಾಗ ಉತ್ತರ ಹೊಳೆಯಿತು.

"ಅವತ್ತೆಲ್ಲಾ ಮಳೆ ಬೀಗರೇ. ಒಂದೂ ಹೊರಗೇ ಹೋಗಿರ್ಲಿಲ್ಲ. ಇದ್ದಬದ್ದವೆಲ್ಲಾ ಒಳಗೇ."

"ಹೂಂ," ಎಂದರು. ಅವರ ಹೂಂ ನನ್ನದರಂತಲ್ಲ, ಯೋಚಿಸಿ ಅನ್ನುವಂಥದ್ದು. "ಆದರೂ ಅಲ್ಲಿರೋದು ನೊಣ ಅನ್ನೋಕೆ ಆಧಾರ ಬೇಕು."

ಆಧಾರ ಬೇಕಂತೆ. ಅವರು ಜೇನು ಅಂದಾಗ ಯಾವ ಆಧಾರವೂ ಬೇಕಾಗಿರಲಿಲ್ಲ. ಆದರೆ ಬೀಗರಿಗೆ ಹಾಗೆಲ್ಲ ಅನ್ನುವ ಹಾಗಿಲ್ಲ, ಹೆಣ್ಣು ಕೊಟ್ಟವರು. ಇನ್ನೆರಡು ಇಡ್ಲಿ ಹಾಕಿದೆ.

ಮೊಮ್ಮಗಳ ಉಪಾಯದಂತೆ ಖಾಲಿಯಾದ ಇಂಗಿನ ಡಬ್ಬಿಯಿಂದ ತುಳಸಿಯ ಮೇಲಿನದೊಂದನ್ನು ಹಿಡಿದೆ. ಹಿಡಿಯುವಷ್ಟರಲ್ಲಿ ಅರ್ಧ ತುಳಸಿ ಉದುರಿತು. ಸ್ವಲ್ಪ ಹೊತ್ತು ತಣ್ಣಗೆ ಇಟ್ಟರೆ ಸುಮ್ಮನೆ ಕೂರುತ್ತದೆ ಎಂದು ಅವಳು ಹೇಳಿದ್ದಳು, ಇಟ್ಟೆ.

"ಅತ್ತೆ, ಫ್ರಿಜ್ಜಲ್ಲಿ ಇಂಗಿನ ಡಬ್ಬಿ ಯಾಕೈತೆ?"

"ಅದ್ರಲ್ಲಿ ನೊಣ ಐತೆ ಕಣಮ್ಮ, ತೆಗೀಬೇಡ."

ಒಳಗೆ ಮೊಸರಿನ ಪಾತ್ರೆ ಎತ್ತಿಟ್ಟ ಸದ್ದು ಬಂತು.

"ಮೊಸರಿನ ಪಕ್ಕದಲ್ಲಾ ಅತ್ತೆ?"

"ಮುಚ್ಚಳ ಹಾಕಿದೀನಲ್ಲ."

"ನನ್ನ ಗೋಡೆ ಮೇಲೆ ಕಣ್ಣು ಬಿದ್ದದ್ದು ಸಾಲ್ದು ಅಂತ ಈಗ ನನ್ನ ಮೊಸರಿಗೂ ಬಂದ್ರಾ," ಎಂದು ಪಾತ್ರೆಗಳಿಗೆ ಹೇಳಿದಳು. ನನಗೆ ಹೇಳುವುದನ್ನೆಲ್ಲ ಅವಳು ಪಾತ್ರೆಗಳಿಗೇ ಹೇಳುವುದು. ನಾನೂ ನಮ್ಮತ್ತೆಯ ಕಾಲದಲ್ಲಿ ಹಾಗೇ ಮಾಡುತ್ತಿದ್ದೆ.

ತಣ್ಣಗಾದ ಹುಳುವನ್ನು ಬಿಳಿ ಬಸಿಯ ಮೇಲೆ ಸುರಿದು ರೆಕ್ಕೆ ಎಣಿಸಿದೆ. ಎರಡು. ಗೆದ್ದೆ ಎಂದುಕೊಂಡು ಬೀಗರ ಮುಂದಿಟ್ಟೆ.

"ರೆಕ್ಕೆ ಎಣಿಸಿ ಹೇಳೋಕಾಗಲ್ಲಮ್ಮ," ಎಂದರು ಶಾಂತವಾಗಿ. "ಜೇನಿನ ಹಿಂದಿನ ರೆಕ್ಕೆ ಮುಂದಿನದಕ್ಕೆ ಕೊಕ್ಕೆ ಹಾಕಿಕೊಂಡಿರುತ್ತೆ. ಎರಡಿದ್ದರೂ ಒಂದರ ಹಾಗೇ ಕಾಣೋದು."

ಈ ಮನುಷ್ಯರಿಗೆ ನಿಜವಾಗಿಯೂ ವಿಜ್ಞಾನ ಬರುತ್ತಿತ್ತು. ಅದೇ ತೊಂದರೆ. ಹುಳು ಎಚ್ಚರವಾಗಿ ಇಂಗಿನ ವಾಸನೆ ಹೊತ್ತುಕೊಂಡು ಹಾರಿಹೋಯಿತು. ಆ ದಿನವೂ ಹೋಯಿತು. ಮಧ್ಯಾಹ್ನದ ಬಿಸಿಲು ಹೊಸ ಗೋಡೆಗೆ ಹೊಡೆಯುತ್ತಿದ್ದಾಗ ಕೈಯಿಟ್ಟು ನೋಡಿದೆ, ಕಾದಿತ್ತು. ಊಟ ಸೇರಲಿಲ್ಲ. ಸೊಸೆ ಹೊಟ್ಟೆ ನೋವೇ ಎಂದು ಕೇಳಿದಳು. ಹೌದು ಎಂದೆ.

ಮೂರನೇ ದಿನ ಬೆಳಿಗ್ಗೆ ಜಗುಲಿಯಲ್ಲಿ ಮೇಲೆ ನೋಡುತ್ತಾ ಕೂತಿದ್ದಾಗ ತೊಲೆಯ ಸಂದಿಯಲ್ಲಿ ಜೇಡರ ಬಲೆ ಕಂಡಿತು. ಮೇಸ್ತ್ರಿ ಗೋಡೆ ಮುಗಿಸಿದ್ದ, ತೊಲೆ ಅವನ ಲೆಕ್ಕದಲ್ಲಿರಲಿಲ್ಲ. ಬಲೆಯಲ್ಲಿ ಕಪ್ಪಗೆ ಒಣಗಿದ ಏನೇನೋ ಸಿಕ್ಕಿಕೊಂಡಿದ್ದವು. ಪೊರಕೆ ತುದಿಯಿಂದ ಎಳೆದು ಅಂಗೈಗೆ ಹಾಕಿಕೊಂಡೆ. ಒಂದರ ಹಿಂಗಾಲಲ್ಲಿ ಗೂಡಿಗೆ ಮೆತ್ತಲು ಒಯ್ಯುತ್ತಿದ್ದ ಅಂಟಿನ ಉಂಡೆ ಇನ್ನೂ ಇತ್ತು. ನಮ್ಮ ಗೋಡೆಯದೇ ಅದು, ನಸರಿ. ತುಳಸಿಯಿಂದ ಇನ್ನೊಂದನ್ನು ಹಿಡಿದು, ಫ್ರಿಜ್ಜಿನಲ್ಲಿಟ್ಟು, ಎರಡನ್ನೂ ಬಸಿಯ ಮೇಲೆ ಅಕ್ಕಪಕ್ಕ ಇಟ್ಟು ಬೀಗರ ಹತ್ತಿರ ಹೋದೆ. ಅವರು ಪೇಪರು ಓದುವ ಭೂತಗನ್ನಡಿ ಮಂಚದ ಮೇಲಿತ್ತು.

"ಇದು ಗೋಡೇದು. ಇದು ತುಳಸೀದು. ನೀವೇ ನೋಡಿ ಹೇಳ್ಬಿಡಿ ಬೀಗರೇ. ನೀವು ಹೇಳಿದಂಗೆ."

ಕಿಟಕಿಯ ಹತ್ತಿರ ಬಸಿ ಹಿಡಿದು, ಕಪ್ಪು ಕನ್ನಡಕ ಹಣೆಗೇರಿಸಿ, ಬಲಗಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಮೊದಲು ನನ್ನ ಸಮಾಧಾನಕ್ಕೆ ನೋಡುತ್ತಿದ್ದವರು, ಆಮೇಲೆ ನಾನು ಅಲ್ಲಿರುವುದನ್ನೇ ಮರೆತರು.

"ಮೀಸೆ ನೋಡಿ," ಎಂದು ಬಸಿಯನ್ನು ನನ್ನ ಕಡೆ ತಿರುಗಿಸಿದರು. ಎದುರಿಗೆ ನಲವತ್ತು ಮಕ್ಕಳು ಕೂತಿರುವ ದನಿ. "ಈ ಸತ್ತಿರೋದರದ್ದು ಉದ್ದ, ಮೊಣಕೈ ಮಡಿಸಿದ ಹಾಗೆ ಬಾಗಿದೆ. ತುಳಸೀದರದ್ದು ನೋಡಿ, ಎರಡು ಮೊಟಕು ಕಡ್ಡಿ. ಕಣ್ಣು ನೋಡಿ, ಸತ್ತಿರೋದಕ್ಕೆ ಪಕ್ಕದಲ್ಲಿವೆ, ತುಳಸೀದಕ್ಕೆ ತಲೆಯೆಲ್ಲಾ ಕಣ್ಣೇ." ಸ್ವಲ್ಪ ಹೊತ್ತು ಬಿಟ್ಟು ಭೂತಗನ್ನಡಿ ಕೆಳಗಿಟ್ಟರು. "ನೊಣ. ನಾನು ಹೇಳಿದ್ದು ತಪ್ಪು."

ಅಷ್ಟು ಸಲೀಸಾಗಿ ತಪ್ಪು ಎಂದು ಹೇಳುವ ಗಂಡಸನ್ನು ನಾನು ನೋಡಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಕಾಫಿ ಕೊಡಲೇ ಎಂದೆ.

"ಅವತ್ತು ನನಗೆ ಸರಿಯಾಗಿ ಕಾಣಲೇ ಇಲ್ಲಮ್ಮ," ಎಂದರು. "ಮಗಳ ಮುಖ ಮಾತ್ರ ಕಂಡಿತು. ಅದಕ್ಕೆ ಜೇನು ಅಂದುಬಿಟ್ಟೆ. ಈಗ ಕಾಫಿ ಬೇಡ, ಅವಳನ್ನ ಕರೀರಿ."

ಸೊಸೆ ಬಂದಳು. ಅವಳಪ್ಪ ಎರಡೇ ಮಾತಿನಲ್ಲಿ ಹೇಳಿದರು. ಅವಳು ಬಸಿ ನೋಡಿದಳು, ಅಪ್ಪನನ್ನು ನೋಡಿದಳು, ಹೊರಗೆ ಹೋಗಿ ತನ್ನ ಗೋಡೆ ನೋಡಿದಳು. ನಾನು ಜಗಳಕ್ಕೆ ಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡು ಹಿಂದೆ ಹೋದೆ. ಒಂದೂ ಬೇಕಾಗಲಿಲ್ಲ.

"ಎಲ್ಲಿತ್ತು ಅತ್ತೆ ತೂತು? ಸರಿಯಾಗಿ ತೋರ್ಸಿ. ಗೋಡೆಯೆಲ್ಲಾ ಅಗೆಯಂಗೆ ಮಾಡ್ಬೇಡಿ."

ನಾನು ಯಾವಾಗಲೂ ಕೂರುವ ಕಡೆ ಕೂತು, ಕಿವಿಯ ನೇರಕ್ಕೆ ಬೆರಳಿಟ್ಟೆ. ಬೀಗರು ಅಡುಗೆಮನೆಯಿಂದ ಸ್ಟೀಲಿನ ಲೋಟ ತಂದು, ಅದರ ಬಾಯನ್ನು ಗೋಡೆಗೊತ್ತಿ, ತಳಕ್ಕೆ ಕಿವಿಯಿಟ್ಟರು. ರಸ್ತೆಯಲ್ಲಿ ತಾಯಲೂರಿಗೆ ಹೋಗುವ ಆಟೋವೊಂದು ಹಾರನ್ನು ಹೊಡೆಯುತ್ತಾ ಹೋಯಿತು, ಅದು ದೂರವಾಗುವ ತನಕ ಕಾಯಬೇಕಾಯಿತು.

"ಇದೆ ಅಂತ ಅನ್ನಿಸುತ್ತೆ," ಎಂದರು. "ಆದರೆ ನಾನು ಅನ್ನಿಸಿದ್ದನ್ನ ಹೇಳೋದು ಬಿಟ್ಟಿದ್ದೀನಿ. ಒಡೀಮ್ಮ."

ಸೊಸೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿ ಸುತ್ತಿಗೆ ಹಿಡಿದಳು. ಮೊದಲ ಏಟಿಗೆ ಬಣ್ಣ ಹಾರಿತು, ಅವಳ ತುಟಿ ಬಿಗಿಯಿತು. ನಾಲ್ಕನೇ ಏಟಿಗೆ ಸಿಮೆಂಟಿನ ಬಿಲ್ಲೆಯೊಂದು ಕಳಚಿಬಿತ್ತು. ಒಳಗೆ ಮೇಸ್ತ್ರಿ ತುರುಕಿದ್ದ ಸಿಮೆಂಟು ಚೀಲದ ಕಾಗದದ ಉಂಡೆ. ಅದನ್ನು ಬೆರಳಿನಿಂದ ಎಳೆದಾಗ ಹಿಂದಿನಿಂದ ಒಂದು ಹಿಡಿ ಸತ್ತ ಹುಳುಗಳು ಪುಡಿಯ ಹಾಗೆ ಜಗುಲಿಯ ಮೇಲೆ ಉದುರಿದವು. ಹುಳಿಹುಳಿ ವಾಸನೆ ಬಂತು. ಆಮೇಲೆ ಏನೂ ಬರಲಿಲ್ಲ.

ನಾನು ಕೂತಲ್ಲಿಂದ ಏಳಲಿಲ್ಲ. ಕಾಲಿನ ಹತ್ತಿರ ಬಿದ್ದಿದ್ದವನ್ನು ಸೆರಗಿನಿಂದ ಒಂದು ಕಡೆ ಸೇರಿಸುತ್ತಿದ್ದೆ. ಬೀಗರು ಕನ್ನಡಕ ಮತ್ತೆ ಹಾಕಿಕೊಂಡರು.

"ಏನೂ ಕಾಣ್ತಿಲ್ಲ ಅತ್ತೆ," ಎಂದು ಸೊಸೆ ಮುಖವನ್ನು ತೂತಿನ ಹತ್ತಿರಕ್ಕೆ ತಂದು, ಒಂದು ಕಣ್ಣು ಮುಚ್ಚಿ ಇಣುಕಿದಳು. "ಒಳ್ಗಡೆ ಕತ್ತಲೆ. ಏನೋ ಮಿಣಮಿಣ..."

ಅಷ್ಟೇ ಅವಳು ಅಂದದ್ದು. ಒಂದು ಹೊರಗೆ ಬಂತು, ಹಿಂದೆ ಹತ್ತು ಬಂದವು, ಆಮೇಲೆ ಎಣಿಸಲು ಯಾರಿಗೆ ಪುರುಸೊತ್ತು. ಮೂರು ದಿನದ ಸಿಟ್ಟೆಲ್ಲ ಬಾಗಿಲು ತೆರೆದವಳ ಮೇಲೇ. ಹುಬ್ಬು, ಕಿವಿ, ಅವತ್ತೇ ತಲೆಗೆ ನೀರು ಹಾಕಿಕೊಂಡು ಹರಡಿದ್ದ ಕೂದಲು, ಎಲ್ಲ ಕಡೆ ನುಗ್ಗಿ ಸಿಕ್ಕಿಕೊಂಡು, ಮುಳ್ಳಿಲ್ಲದಿದ್ದರೇನು, ಬಾಯಿಂದಲೇ ಕಚ್ಚತೊಡಗಿದವು. ಅವಳು ಸುತ್ತಿಗೆ ಬಿಸಾಕಿ ಅಂಗಳದಲ್ಲಿ ಎರಡು ಸುತ್ತು ಓಡಿದಳು. ಅಂಗನವಾಡಿಯ ಟೀಚರ ಬಾಯಲ್ಲಿ ಅಂಥ ತೆಲುಗು ಬೈಗುಳ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅವಳಪ್ಪನಿಗೂ ಅವತ್ತೇ ಗೊತ್ತಾಯಿತು ಎಂದು ಕಾಣುತ್ತದೆ, ಆಕಾಶ ನೋಡುತ್ತಾ ನಿಂತಿದ್ದರು.

ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಅದು ನಗುವಿನದೇ ಎಂದು ಹೇಳಿಕೊಂಡೆ.

ಕೊನೆಗೆ ಅವಳನ್ನು ಜಗುಲಿಯ ಮೆಟ್ಟಿಲ ಮೇಲೆ ಕೂರಿಸಿ, ಹಿಂದೆ ಕೂತು ಕೂದಲಿನಿಂದ ಒಂದೊಂದಾಗಿ ಬಿಡಿಸತೊಡಗಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಜಡೆ ಹಾಕಿದ್ದು ಬಿಟ್ಟರೆ ಆ ಕೂದಲನ್ನು ನಾನು ಮುಟ್ಟಿರಲಿಲ್ಲ, ಬಿಳಿ ಎಳೆಗಳು ಬಂದಿದ್ದವು. ಬಿಡಿಸಿದ್ದನ್ನು ಗೋಡೆಗೆ ಬಿಟ್ಟರೆ ರೆಕ್ಕೆ ಒದರಿ ತೂತಿನ ಕಡೆ ನಡೆದುಹೋಗುತ್ತಿತ್ತು.

"ಆ ಮೇಸ್ತ್ರಿಗೆ ಇನ್ಮೇಲೆ ಈ ಕಡೆ ಕೆಲಸ ಸಿಗದಂಗೆ ಮಾಡ್ತೀನಿ ಅತ್ತೆ," ಎಂದಳು. "ಕುಡ್ಕೊಂಡು ಕೆಲಸ ಮಾಡ್ತಾನೆ ಅಂತ ತಾಯಲೂರಲ್ಲೆಲ್ಲಾ ಹೇಳ್ತೀನಿ. ಎಷ್ಟು ಜೀವ ಹೋದ್ವು ನೋಡಿ."

ಬೀಗರು ಒಳಗೆ ಹೋಗಿದ್ದರು. ಅವರು ಸಲೀಸಾಗಿ ಹೇಳಿದ ಒಂದು ಮಾತು ನನ್ನ ಬಾಯಿಗೆ ಬರಲು ಎರಡು ಹುಳು ಬಿಡಿಸುವಷ್ಟು ಹೊತ್ತು ಹಿಡಿಯಿತು.

"ಅವನ್ನ ಏನೂ ಅನ್ಬೇಡ ಕಣಮ್ಮ. ಅವ್ನು ಕುಡಿದಿರ್ಲಿಲ್ಲ. ನನ್ನ ಕೇಳ್ದ. ಫೋನ್ ನೋಡ್ಕೊಂಡು ನಾನೇ ಹೂಂ ಅಂದ್ಬಿಟ್ಟೆ."

ಅವಳು ತಿರುಗಲಿಲ್ಲ.

"ಗೊತ್ತು ಅತ್ತೆ."

"ಏನ್ ಗೊತ್ತು?"

"ಅವತ್ತು ನೀವು ಫೋನ್ ಇಟ್ಟ ತಕ್ಷಣ ಮೇಸ್ತ್ರಿ ನನಗೆ ಮಾಡ್ದ. ಅಮ್ಮನ್ನ ಕೇಳೇ ಮುಚ್ಚಿದ್ದು, ಅವ್ರಿಗೆ ನೆಟ್‌ವರ್ಕ್ ಸಿಗ್ತಿಲ್ಲ, ನೀವು ಹೇಳ್ಬಿಡಿ ಅಂದ."

"ಮತ್ತೆ ಸುಮ್ಕೆ ಯಾಕಿದ್ದೆ?"

"ಸುಮ್ಕೆ ಎಲ್ಲಿದ್ದೆ? ಎಷ್ಟು ದಿನ ತಡ್ಕೊಂತೀರ ಅಂತ ನೋಡ್ತಿದ್ದೆ. ಅಪ್ಪ ಜೇನು ಬದುಕೇ ಅವೆ ಅಂದಿದ್ರಲ್ಲ, ಇನ್ನೊಂದೆರಡು ದಿನ ನೋಡಾನ ಅಂತಿದ್ದೆ." ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾಳೋ ಇನ್ನೂ ಕಚ್ಚುತ್ತಿವೆಯೋ ಹಿಂದಿನಿಂದ ತಿಳಿಯಲಿಲ್ಲ. "ಸತ್ತೇ ಹೋಗ್ತಿದ್ವಲ್ಲ ಅತ್ತೆ. ನಾನೂ ಬಾಯಿಬಿಡ್ಬೇಕಿತ್ತು."

"ಬಿಡ್ಬೇಕಿತ್ತು."

"ನೀವೂ ಬಿಡ್ಬೇಕಿತ್ತು."

"ಹೂಂ," ಎಂದೆ. "ತಲೆ ಅಲ್ಲಾಡಿಸ್ಬೇಡ. ಕಿವಿ ಹಿಂದೆ ಇನ್ನೊಂದೈತೆ."